ಚಿಕ್ಕಪ್ಪನ ಸೀಮೆ ಇಲಿಗಳ ಗೂಡು

ನಮ್ಮ ಚಿಕ್ಕಪ್ಪ ವರ್ಷಕ್ಕೆ ಮೂರೇ ಸಲ ಸ್ನಾನ ಮಾಡುತ್ತಿದ್ದರು ಎಂದರೆ ನೀವು ನಂಬಬೇಕಾಗಿಲ್ಲ. ಅದು ಚಿಕ್ಕಮ್ಮನ ಲೆಕ್ಕ. ಯುಗಾದಿಗೊಂದು, ದೀಪಾವಳಿಗೊಂದು, ಕೊಡೆ ಮರೆತು ಹೋದ ದಿನ ಮಳೆ ಬಂದರೆ ಇನ್ನೊಂದು! ಆದರೆ ಅದೇ ಚಿಕ್ಕಪ್ಪ ಸಾಕಿದ್ದ ಸೀಮೆ ಇಲಿಗಳ ಗೂಡು ಮಾತ್ರ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿತ್ತು. ಇದನ್ನು ನೀವು ನಂಬಲೇಬೇಕು. ಏಕೆಂದರೆ ಅದಕ್ಕೆ ನೀರು ಸೇದಿಕೊಟ್ಟವನು ನಾನು.

ಆಗ ನನಗೆ ಮುಳಬಾಗಿಲಿನ ಮಿಡಲ್ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಹೊಸದಾಗಿ ಸಿಕ್ಕಿತ್ತು. ಚಿಕ್ಕಪ್ಪ ಅದೇ ಊರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಕ್ಕಳಿಲ್ಲದ ಮನೆ, ಜೊತೆಗಾದೀತು ಎಂದು ಅಪ್ಪ ನನ್ನನ್ನು ಅಲ್ಲೇ ಉಳಿಸಿದ್ದರು. ಚಿಕ್ಕಪ್ಪನ ಕೋಟಿನ ಮೇಲೆ ನಶ್ಯ ಎಷ್ಟು ಪದರ ಕೂತಿತ್ತೆಂದರೆ, ಅದರ ಮೂಲ ಬಣ್ಣ ಯಾವುದೆಂದು ಹೊಲಿದ ದರ್ಜಿಗೂ ಮರೆತುಹೋಗಿತ್ತು. ಕಾಫಿ ಕುಡಿದ ಲೋಟವನ್ನು ಕುಳಿತಲ್ಲೇ ಬಿಟ್ಟು ಏಳುವರು. ಆ ಒಂದು ಲೋಟವನ್ನು ಬಚ್ಚಲಿನವರೆಗೆ ನಡೆಸಲು ಚಿಕ್ಕಮ್ಮ ಹದಿನೈದು ವರ್ಷ ಹೋರಾಡಿ ಸೋತಿದ್ದರು.

ಇಂಥವರ ಮನೆಗೆ ಸೀಮೆ ಇಲಿಗಳು ಬಂದದ್ದು ಕಲಾಯಿ ಸಾಬರಿಂದ. ಅವರು ಚಿನ್ನದ ಗಣಿಯ ಕಡೆ ಪಾತ್ರೆಗಳಿಗೆ ಕಲಾಯಿ ಹಾಕಲು ಹೋಗಿದ್ದಾಗ, ಸೀಮೆಗೆ ಹೊರಟಿದ್ದ ಯಾವುದೋ ಬಂಗಲೆಯ ದೊರೆಸಾನಿ ಈ ಜೋಡಿಯನ್ನು ಅವರ ಕೈಗೆ ಹಾಕಿದ್ದಳಂತೆ. ಇಂಗ್ಲಿಷಿನವರು ಗಿನಿಪಿಗ್ ಅನ್ನುತ್ತಾರಲ್ಲ, ಅದೇ. ದುಂಡಗಿನ ಮೈ, ಬಾಲವಿಲ್ಲ; ಮೊಲಕ್ಕೂ ಇಲಿಗೂ ಮಧ್ಯಸ್ಥರು ಕೂತು ರಾಜಿ ಮಾಡಿಸಿದಂಥ ಪ್ರಾಣಿ. ಸಾಬರ ಮನೆಯಲ್ಲಿ ನಾಲ್ಕು ಬೆಕ್ಕುಗಳಿದ್ದುದರಿಂದ ಅವು ನಮ್ಮ ಪಾಲಾದವು. ಗೂಡನ್ನೂ ಅವರೇ ಮಾಡಿಕೊಟ್ಟರು: ಮರದ ಚೌಕಟ್ಟು, ತಂತಿಯ ಜಾಲರಿ, ಅಡಿಯಲ್ಲಿ ಎಳೆದು ತೆಗೆಯುವ ತಗಡಿನ ತಟ್ಟೆ.

"ದೊರೆಗಳ ಮನೇಲಿ ಬೆಳೆದಿದ್ದು ಗುಮಾಸ್ತರೇ, ಗಲೀಜು ತಡ್ಕೊಳಲ್ಲ," ಎಂದರು ಸಾಬರು. "ಹುಲ್ಲು ಹಸಿ ಆಯ್ತು ಅಂದ್ರೆ ಜ್ವರ. ಜ್ವರ ಬಂತೂ ಅಂದ್ರೆ ಖತಂ!"

ಆ 'ಖತಂ' ಚಿಕ್ಕಪ್ಪನ ಎದೆಗೆ ನಾಟಿಬಿಟ್ಟಿತು. ಮಾರನೆಯ ದಿನದಿಂದಲೇ ವ್ರತ ಶುರು. ಬೆಳಗ್ಗೆ ಎದ್ದವರೇ ಇಲಿಗಳನ್ನು ಜಗುಲಿಯ ಮೇಲೆ ಬಿದಿರಿನ ಮಂಕರಿಯಡಿ ಬಿಸಿಲಿಗೆ ಬಿಡುವರು. ತಟ್ಟೆ ಎಳೆದು, ಹಿಕ್ಕೆಯನ್ನು ಕರಟದಿಂದ ಕೆರೆದು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುವರು. ತೊಳೆದು ಒಣಗಿಸಿ, ರಾಗಿ ಹುಲ್ಲು ಹಾಸಿ, ಮೂಲೆಗೆ ಬೇವಿನ ಸೊಪ್ಪು ಇಡುವರು. ಕೊನೆಗೆ ಅಂಗೈಯನ್ನಲ್ಲ, ಮುಂಗೈಯನ್ನು ಹುಲ್ಲಿನ ಮೇಲೆ ಒತ್ತಿ ಹಿಡಿಯುವರು. "ಅಂಗೈ ಸುಳ್ಳು ಹೇಳುತ್ತೆ ಕಣೋ. ತೇವ ಗೊತ್ತಾಗೋದು ಇಲ್ಲೇ." ಇನ್ನು ವಾಸನೆ ಪರೀಕ್ಷೆ. ಮೂವತ್ತು ವರ್ಷ ನಶ್ಯ ತುಂಬಿದ ಮೂಗಿಗೆ ಯಾವ ವಾಸನೆ ತಿಳಿಯಬೇಕು? ಆ ಇಲಾಖೆ ನನ್ನದು! ಗೂಡಿಗೆ ತಲೆ ಹಾಕಿ ಮೂಸಿ, "ಪಾಸು" ಎಂದು ಹೇಳಿ ನಾನು ಸ್ಕೂಲಿಗೆ ಹೋಗಬೇಕು. ಎಷ್ಟೋ ದಿನ ತಲೆಯಲ್ಲಿ ಹುಲ್ಲು ಸಿಕ್ಕಿಸಿಕೊಂಡೇ ಹೋಗಿ ಪಾಠ ಮಾಡಿದ್ದೇನೆ. ಸಂಜೆ ಕಚೇರಿಯಿಂದ ಬಂದ ಮೇಲೆ ಇಷ್ಟೂ ಇನ್ನೊಮ್ಮೆ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ, ಇದೆಲ್ಲ ಎಷ್ಟು ದಿನ ಎಂದು ಬೀದಿಯವರು ನಕ್ಕರು. ವರ್ಷವಾಯಿತು, ಎರಡಾಯಿತು, ಅಗಸ ಎತ್ತಿ ಒಗೆಯುತ್ತಲೇ ಇದ್ದ. ಚಿಕ್ಕಮ್ಮ ಮಾತ್ರ ಕಾಫಿ ಲೋಟ ಎತ್ತಿಕೊಳ್ಳುತ್ತಾ ನನ್ನ ಕಡೆ ತಿರುಗಿ ಹೇಳುವರು:

"ನೋಡಪ್ಪಾ, ನಾನು ಮುಂದಿನ ಜನ್ಮದಲ್ಲಿ ಸೀಮೆ ಇಲಿಯಾಗಿ ಇವರ ಗೂಡಲ್ಲೇ ಹುಟ್ತೀನಿ."

"ಈ ಜನ್ಮದಲ್ಲಿ ಏನ್ ಕಮ್ಮಿಯಾಗಿದ್ಯೇ ನಿನಗೆ?"

"ಬಾಲ ಒಂದಿಲ್ಲ ಅಷ್ಟೇ, ಅವಕ್ಕೂ ಇಲ್ವಲ್ಲ ಬಿಡಿ."

ನಗುತ್ತಲೇ ಹೇಳುತ್ತಿದ್ದರು. ಆದರೆ ಒಳಗೆ ಹೋಗಿ ಲೋಟ ಇಡುವಾಗ ಅದು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿತ್ತು. ತನಗಿಂತ ಆ ಇಲಿಗಳೇ ಹೆಚ್ಚಾದವಲ್ಲ ಎಂಬ ನೋವು ಆಕೆಗೆ ಇದ್ದೇ ಇತ್ತು. ನನಗೆ ಅದು ಗೊತ್ತಿತ್ತು. ಗೊತ್ತಿಲ್ಲದವರು ಚಿಕ್ಕಪ್ಪ ಒಬ್ಬರೇ.

ಹಿಕ್ಕೆಯೆಲ್ಲ ಹಿತ್ತಲಿನ ಕುಂಬಳದ ಬಳ್ಳಿಗೆ ಹೋಗುತ್ತಿತ್ತು. ಒಂದು ವರ್ಷ ಕಾಯಿಗಳು ಎಂಥವು ಬಿಟ್ಟವೆಂದರೆ, ಒಂದನ್ನು ಎತ್ತಲು ಇಬ್ಬರು ಬೇಕು! ಬೀದಿಗೆಲ್ಲ ಹಂಚಿದೆವು. ಎಲ್ಲರ ಮನೆಯಲ್ಲೂ ಕುಂಬಳದ ಹುಳಿ. "ಏನು ಗೊಬ್ಬರ ಹಾಕಿದ್ರಿ?" ಎಂದು ಯಾರೋ ಕೇಳಿದರು. ಚಿಕ್ಕಪ್ಪನಿಗೆ ಸುಳ್ಳು ಬಾರದು. ಆಮೇಲೆ ಆ ಬೀದಿಯಲ್ಲಿ ಮೂರು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಹೀಗಿರುವಾಗ ಕೋಲಾರದ ಕಡೆಯಿಂದ ಪ್ಲೇಗಿನ ಸುದ್ದಿ ಬಂತು. ಆ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮುಂದೆ ಮಾತಿಲ್ಲ. "ಇಲಿ ಬಿತ್ತು" ಎಂದ ಕೂಡಲೇ ಇಡೀ ಬೀದಿ ಮನೆಗಳಿಗೆ ಬೀಗ ಹಾಕಿ, ಊರಾಚೆಯ ಮಾವಿನ ತೋಪಿನಲ್ಲಿ ಗುಡಿಸಲು ಕಟ್ಟಿಕೊಳ್ಳಬೇಕು. ಸೀಮೆ ಇಲಿಯಾದರೂ ಇಲಿ ಇಲಿಯೇ, ಬಿಟ್ಟುಬಿಡಿ ಎಂದು ಹಿರಿಯರು ಹೇಳಿಕಳಿಸಿದರು. "ನನ್ನ ಗೂಡಲ್ಲಿ ಒಂದು ದಿನದ ಹಿಕ್ಕೆ ಮಾರನೇ ದಿನ ಕಂಡ್ರೆ, ಅವತ್ತೇ ಬಿಟ್ಬಿಡ್ತೀನಿ" ಎಂದು ಚಿಕ್ಕಪ್ಪ ಸವಾಲು ಹಾಕಿ ಬಂದರು.

ಒಂದು ಬೆಳಗ್ಗೆ ಎಂದಿನಂತೆ ತಟ್ಟೆ ತೊಳೆಯಲು ಬಾವಿಯ ಹತ್ತಿರ ಹೋಗಿದ್ದರು. ಜಗುಲಿಯ ಮೇಲೆ ಒಂದು ಇಲಿ ಮಂಕರಿಯಿಂದ ಹೇಗೋ ಹೊರಬಂದು, ಬಿಸಿಲಿನ ಸುಖಕ್ಕೆ ನಾಲ್ಕೂ ಕಾಲು ಚಾಚಿ ಮಲಗಿ ನಿದ್ದೆ ಹೋಗಿತ್ತು. ಅದೇ ಹೊತ್ತಿಗೆ ಎದುರುಮನೆಯ ಅಜ್ಜಿ ಬಾಗಿಲು ತೆರೆದರು. ಅವರದು ತೆಲುಗು ಮನೆಮಾತು. ಭಯವಾದಾಗ ಕನ್ನಡ ಹತ್ತಿರ ಸುಳಿಯುತ್ತಿರಲಿಲ್ಲ.

"ಎಲುಕ ಪಡಿಂದಿ! ಅಯ್ಯೋ, ಎಲುಕ ಪಡಿಂದಿರೋ!"

ಇಲಿ ಬಿತ್ತು! ಚಿಕ್ಕಪ್ಪ ತಟ್ಟೆ ಹಿಡಿದು ಓಡಿ ಬರುವಷ್ಟರಲ್ಲಿ ಬೀದಿಯಲ್ಲಿ ಮೂರು ಗಾಡಿ ಕಟ್ಟಿಯಾಗಿತ್ತು. ಎದ್ದು ಕಣ್ಣು ಪಿಳುಕಿಸುತ್ತಿದ್ದ ಇಲಿಯನ್ನು ಎತ್ತಿ ಹಿಡಿದು, "ಸತ್ತಿಲ್ರೀ! ನೋಡಿ, ಮೀಸೆ ಅಲ್ಲಾಡಿಸ್ತಿದೆ!" ಎಂದು ಮನೆಮನೆಗೂ ಹೋದರು. ಯಾರು ಕೇಳುತ್ತಾರೆ? "ಬಿದ್ದ ಇಲಿ ಎದ್ದಿದೆ ಅಂದ್ರೆ ಇನ್ನೂ ಕೆಟ್ಟದ್ದು" ಎಂದು ಅಜ್ಜಿ ತೀರ್ಪು ಕೊಟ್ಟರು. ಅಪಶಕುನದ ಕೂಗು ಬಿದ್ದ ಮೇಲೆ ಬೀಗ ಹಾಕಿದ ಬಾಗಿಲನ್ನು ಹದಿನೈದು ದಿನ ತೆರೆಯಬಾರದೆಂದು ಹಿರಿಯರೂ ಹೇಳಿದರು. ಸಂಜೆಗೆ ನಾವೂ ತೋಪಿನಲ್ಲಿದ್ದೆವು, ಗೂಡಿನ ಸಮೇತ.

ನಾಲ್ಕನೆಯ ದಿನ ಮಳೆ ಬಂತು. ಐದನೆಯ ದಿನ ಚಿಕ್ಕಮ್ಮನಿಗೆ ಜ್ವರ ಏರಿತು.

ಪ್ಲೇಗಿನ ಕಾಲದಲ್ಲಿ ಜ್ವರವೆಂದರೆ ಏನೆಂದು ಈಗಿನವರಿಗೆ ಹೇಗೆ ಹೇಳಲಿ? ಮಧ್ಯಾಹ್ನದೊಳಗೆ ಅಕ್ಕಪಕ್ಕದ ಗುಡಿಸಲುಗಳು ಕಿತ್ತು ದೂರ ಹೋದವು. ನಾನು ಒಳಗೆ ಕಾಲಿಡಲು ಹೋದರೆ ಚಿಕ್ಕಪ್ಪ ಅಡ್ಡ ನಿಂತರು. "ನೀನು ಬರಬೇಡ. ನಿಮ್ಮಪ್ಪನಿಗೆ ನಾನು ಉತ್ತರ ಹೇಳ್ಬೇಕು. ಒಣ ಹುಲ್ಲು, ನೀರು, ಬೇವಿನ ಸೊಪ್ಪು ಬಾಗ್ಲಲ್ಲಿಟ್ಟು ಹೋಗು." ಒಳಗೆ ತಿರುಗುತ್ತಾ, "ನನ್ನ ಇಲಿಯಿಂದಲೇ ಅಲ್ವೇನೋ ಅವಳು ಇಲ್ಲಿಗೆ ಬಂದಿದ್ದು" ಎಂದರು.

ಆಮೇಲಿನ ಎಂಟು ದಿನ ನಾನು ಬಾಗಿಲಾಚೆಯಿಂದ ಕಂಡದ್ದನ್ನು ಈಗಲೂ ಕಾಣುತ್ತೇನೆ. ಹೊತ್ತಾರೆ, ಸಂಜೆ, ಚಿಕ್ಕಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಳೆಯ ಹುಲ್ಲು ತೆಗೆದು ಸುಡುವರು. ಹೊಸ ಹುಲ್ಲು ಹಾಸಿ, ಮೇಲೆ ಕುದಿಸಿ ಒಣಗಿಸಿದ ಬಟ್ಟೆ ಹೊದಿಸಿ, ಮೂಲೆಗೆ ಬೇವು ಇಡುವರು. ವಾಂತಿಯನ್ನು ತಾವೇ ಬಳಿಯುವರು. ಕೊನೆಗೆ ಹಾಸಿಗೆಯ ಮೇಲೆ ಮುಂಗೈ ಒತ್ತಿ ಹಿಡಿಯುವರು. ಆಮೇಲೆ ಅದೇ ಮುಂಗೈ ಆಕೆಯ ಹಣೆಯ ಮೇಲೆ. ಒಳಗೆ ಹೋಗುವ ಮುನ್ನ ಒಂದು ಸ್ನಾನ, ಬಂದ ಮೇಲೆ ಇನ್ನೊಂದು. ಎಂಟು ದಿನದಲ್ಲಿ ಹತ್ತು ವರ್ಷದ ಸ್ನಾನದ ಬಾಕಿ ತೀರಿಸಿಬಿಟ್ಟರು!

ಪ್ಲೇಗಾಗಿರಲಿಲ್ಲ, ಬರೀ ಚಳಿಜ್ವರ. ಜ್ವರ ಬಂದ ಒಂಬತ್ತನೆಯ ಬೆಳಗ್ಗೆ ಚಿಕ್ಕಮ್ಮ ಎದ್ದು ಕುಳಿತು ಗಂಜಿ ಕುಡಿದರು. ಲೋಟವನ್ನು ಚಿಕ್ಕಪ್ಪ ತೆಗೆದುಕೊಂಡು ಹೋಗಿ ತೊಳೆದಿಟ್ಟರು. ಆಕೆ ಅದನ್ನು ನೋಡಿಯೂ ನೋಡದವರ ಹಾಗೆ, "ಎಲ್ರೀ ನಿಮ್ಮ ಮಕ್ಕಳು?" ಎಂದು ಕೇಳಿದರು.

ಚಿಕ್ಕಪ್ಪ ಹೊರಗೆ ಓಡಿದರು.

ಗೂಡು ಮಾವಿನ ಮರದ ಕೆಳಗಿತ್ತು. ಬಂದುಹೋಗುವಾಗ ನಾನು ಜಾಲರಿಯಿಂದ ಒಂದಿಷ್ಟು ಗರಿಕೆ ತುರುಕುತ್ತಿದ್ದುದರಿಂದ ಜೀವಕ್ಕೇನೂ ಆಗಿರಲಿಲ್ಲ. ಮೈಯೆಲ್ಲ ಕೆಸರಾಗಿದ್ದ ಎರಡೂ ನಮ್ಮನ್ನು ಕಂಡು ಕೀರಲು ಧ್ವನಿಯಲ್ಲಿ ದೂರು ಹೇಳಿದವು. ತಟ್ಟೆ ತುಂಬಿ ಚೆಲ್ಲುತ್ತಿತ್ತು. ಹುಲ್ಲು ಕೊಳೆತು ಕಪ್ಪಾಗಿತ್ತು. ನಾತವೋ, ನಶ್ಯದ ಮೂಗಿಗೂ ತಿಳಿಯುವಂಥದ್ದು.

ಚಿಕ್ಕಮ್ಮ ನನ್ನ ಹೆಗಲು ಹಿಡಿದು ಅಲ್ಲಿಯವರೆಗೆ ನಡೆದು ಬಂದರು. "ತೊಳೆದು ಎಷ್ಟು ದಿನ ಆಯ್ತು?"

"ನೀನು ಮಲಗಿದಾಗಿನಿಂದ..." ಚಿಕ್ಕಪ್ಪ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರು. "ಮರ್ತೇ ಹೋಗಿತ್ತು ಕಣೇ. ಇವು ಇದಾವೆ ಅನ್ನೋದೇ ಮರ್ತುಹೋಗಿತ್ತು."

ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಆ ಸೆರಗಿನ ಮೇಲೆ ಕಣ್ಣೀರು ಇಳಿಯುತ್ತಿತ್ತು. ಆ ಗಲೀಜು ಗೂಡನ್ನು ನೋಡಿದಷ್ಟು ಆಸೆಯಿಂದ ಆಕೆ ಮದುವೆಯ ಧಾರೆ ಸೀರೆಯನ್ನೂ ನೋಡಿರಲಾರರು. ಚಿಕ್ಕಪ್ಪ ಕರಟ ಹಿಡಿದು ತಟ್ಟೆ ಎಳೆಯಲು ಕೂತರು. ಚಿಕ್ಕಮ್ಮ ಬಗ್ಗಿ ಅವರ ಕೈ ಹಿಡಿದರು.

"ಇನ್ನೊಂದು ಗಳಿಗೆ ಹಾಗೇ ಇರ್ಲಿ ರೀ. ನಾನಿನ್ನೂ ನೋಡ್ಬೇಕು."