ಹಾರ್ನ್ ಇಲ್ಲದೆ ಬಂದ ಭಾವ

ದೇವರು ನಮ್ಮ ಭಾವನಿಗೆ ಎರಡು ಕಾಲು ಕೊಟ್ಟದ್ದು ಒಂದು ಬ್ರೇಕ್ ಒತ್ತಲಿಕ್ಕೆ, ಇನ್ನೊಂದು ಅದಕ್ಕೆ ಜೊತೆಗಿರಲಿ ಅಂತ! ಇದು ನನ್ನ ಮಾತಲ್ಲ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಮನೆಗೆ ಬಂದವರೆದುರೆಲ್ಲ ಹೇಳುತ್ತಿದ್ದ ಮಾತು. ಗೇರ್ ಇಲ್ಲದ ಅವರ ಕಾರಿನಲ್ಲಿ ಎಡಗಾಲಿಗೆ ನಿಜಕ್ಕೂ ಕೆಲಸವಿರಲಿಲ್ಲ.

ಒಮಾನಿನ ರಾಜಧಾನಿ ಮಸ್ಕತ್ತಿನ ದಾರ್ಸೈಟ್ ಬಡಾವಣೆಯಲ್ಲಿ ಅವರ ಫ್ಲಾಟು. ರಸ್ತೆ ದಾಟಿದರೆ ಅಂಗಡಿ. ದಾಟಿದರೆ ತಾನೆ? ಭಾವ ಕಾರು ತೆಗೆದು, ರೌಂಡಬೌಟ್ ಸುತ್ತು ಹಾಕಿ, ಅಂಗಡಿಯೆದುರು ನಿಲ್ಲಿಸಿ ಹಾರ್ನ್ ಹೊಡೆಯುವರು. ಮಲಯಾಳಿ ಅಂಗಡಿಯವನು ಓಡಿ ಬಂದು ಕಿಟಕಿಯಲ್ಲಿ ಮೊಸರಿನ ಡಬ್ಬಿ ಕೊಡುವನು. ಗಲ್ಫಿನ ಪದ್ಧತಿಯೇ ಅದು. ಚಹಾ, ಇಸ್ತ್ರಿ ಮಾಡಿದ ಬಟ್ಟೆ, ಪರೋಟ ಎಲ್ಲವೂ ಹಾರ್ನಿಗೆ ಓಗೊಟ್ಟು ಕಾರಿನ ಬಳಿಗೇ ಬರುತ್ತವೆ. ನಾವೆಲ್ಲ ಇದರಿಂದ ಅಷ್ಟಿಷ್ಟು ಕೆಟ್ಟವರೇ. ಆದರೆ ಭಾವ ಹೆಂಡತಿಯನ್ನು ಕರೆಯುವುದೂ ಹಾಗೆಯೇ! ಗೇಟಿನ ಹತ್ತಿರ ಎರಡು ಸಲ ಪೀಂ ಪೀಂ. ಅಕ್ಕ ಬಾಲ್ಕನಿಯಿಂದ ಬಗ್ಗಿ, "ಬಂದೆ, ಹಾರ್ನ್ ಹೊಡೀಬೇಡಿ!" ಎನ್ನುವಳು. ಇಡೀ ಕಟ್ಟಡಕ್ಕೆ ಹಾರ್ನಿಗಿಂತ ಜೋರಾಗಿ ಕೇಳುತ್ತಿದ್ದದ್ದು ಅವಳ ಸ್ವರವೇ. (ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ, ಖಾರ ಕಡಿಮೆಯಾದರೆ ಹೊಂದಿಸಿಕೊಳ್ಳಿ.)

ಕಳೆದ ವರ್ಷ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಉಳಿಯಿತು, ಎಡಗಾಲು ಮಾತ್ರ ಮುನಿಸಿಕೊಂಡಿತು. ದಿನವೂ ಸ್ವಲ್ಪ ಸ್ವಲ್ಪ ನಡೆದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಅಕ್ಕ ನಡೆಯಲು ಹೋಗಿ ಬಿದ್ದಳು, ಮತ್ತೆ ಬಿದ್ದಳು, ಆಮೇಲೆ ಹೆದರಿಕೊಂಡು ಪ್ರಯತ್ನವನ್ನೇ ಬಿಟ್ಟಳು. ಮಗಳಿಂದ ಹಾಲ್‌ನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, "ನನ್ನ ನಡಿಗೆ ಖಲಾಸ್" ಎಂದುಬಿಟ್ಟಳು. ಗೇಟಿನ ಹತ್ತಿರ ಭಾವನ ಹಾರ್ನೂ ಅಂದಿನಿಂದ ನಿಂತಿತು. ಕೆಳಗೆ ಬರುವವರೇ ಇಲ್ಲದ ಮೇಲೆ ಯಾರಿಗೆ ಅಂತ ಹೊಡೆಯುವುದು?

ಇಷ್ಟರಲ್ಲಿ ನಮ್ಮ ಕರಾವಳಿಯವರ ಸಂಘದಲ್ಲಿ ಒಂದು ಯೋಚನೆ ಹುಟ್ಟಿತು. ಅಕ್ಕನ ಹಾಗೆ ಕಾಲು ಸೋತವರಿಗೆ ವ್ಯಾಯಾಮ ಚಿಕಿತ್ಸೆ ಕೊಡಿಸುವ ಸೇವಾ ಸಂಸ್ಥೆಯೊಂದಕ್ಕೆ ಹಣ ಕೂಡಿಸಿಕೊಡಬೇಕೆಂದು. ಒಬ್ಬರು ನಾಟಕ ಎಂದರು, ಇನ್ನೊಬ್ಬರು ಊಟ ಎಂದರು. ಆಗ ಹಿಂದಿನ ಸಾಲಿನಿಂದ ಭಾವ ಎದ್ದು ನಿಂತು, "ನಾನು ನಡೀತೇನೆ. ಬುರೈಮಿಯಿಂದ ಇಲ್ಲಿವರೆಗೆ. ನಡೆದ ಕಿಲೋಮೀಟರಿಗೆ ಇಷ್ಟು ಅಂತ ನೀವು ದುಡ್ಡು ಹಾಕಿ," ಎಂದರು.

ಸಭೆ ನಕ್ಕಿತು. ನಗದೆ ಏನು ಮಾಡೀತು? ಬುರೈಮಿ ಎಂದರೆ ಬೆಟ್ಟಗಳ ಆಚೆ, ಗಡಿಯ ಊರು. ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮಸ್ಕತ್ತು ಮುಟ್ಟಬಹುದು. ಮೊಸರಿಗೆ ಕಾರು ತೆಗೆಯುವ ಮನುಷ್ಯ ಅಲ್ಲಿಂದ ನಡೆದು ಬರುವುದುಂಟೆ! "ಹತ್ತಿರದ್ದು ಯಾವುದಾದ್ರೂ ಊರು ಹಿಡೀರಿ ಮಾರಾಯ್ರೆ" ಎಂದು ಅಧ್ಯಕ್ಷರು ಗೋಗರೆದರು. ಭಾವ ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಅವರ ಸಂಸಾರ ಶುರುವಾದದ್ದು ಬುರೈಮಿಯಲ್ಲೇ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಆಗ ಅವರಿಗೆ ಕಾರಿರಲಿಲ್ಲ. ಗಂಡಹೆಂಡಿರು ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದರಂತೆ.

ಮನೆಗೆ ಬಂದು ಹೆಂಡತಿಯ ಎದುರು ನಿಂತು ಸವಾಲು ಹಾಕಿದರು. "ನಾನು ಬುರೈಮಿಯಿಂದ ಕೆಳಗಿನ ಗೇಟಿಗೆ ಬರ್ತೇನೆ. ನೀನು ಈ ಹಾಲ್‌ನಿಂದ ಗೇಟಿಗೆ ಬಾ. ಯಾರು ಗೆಲ್ತಾರೆ ನೋಡುವ."

"ನೀವು ಮೊದ್ಲು ಮೊಸರಿಗೆ ನಡ್ಕೊಂಡು ಹೋಗಿ ಬನ್ನಿ," ಎಂದಳು ಅಕ್ಕ. ಒಪ್ಪಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಹೀಗೆ ಚಳಿಗಾಲದ ಒಂದು ಬೆಳಿಗ್ಗೆ ಬುರೈಮಿಯಿಂದ ಹೊರಟೆವು. ಹೊರಟೆವು ಎಂದರೆ ಭಾವ ಕಾಲಿನಲ್ಲಿ, ನಾನು ಕಾರಿನಲ್ಲಿ. ನೀರು, ಬಾಳೆಹಣ್ಣು, ಮುಲಾಮು ಹೇರಿಕೊಂಡು ಅವರ ಬೆನ್ನ ಹಿಂದೆ ಇರುವೆಯ ವೇಗದಲ್ಲಿ ಕಾರು ಓಡಿಸುವುದು ನನ್ನ ಪಾಲಿನ ಸಮಾಜಸೇವೆ. ರಜೆ ಹಾಕಿ ಮಾಡಿದ್ದೇನೆ ಸ್ವಾಮಿ, ಸಣ್ಣದೆಂದು ತಿಳಿಯಬೇಡಿ! ಭಾವನ ಬೆನ್ನನ್ನು ನಾನು ನೋಡಿದಷ್ಟು ಹೊತ್ತು ಅವರನ್ನು ಹೆತ್ತ ತಾಯಿಯೂ ನೋಡಿರಲಿಕ್ಕಿಲ್ಲ.

ಮೊದಲ ಬೆಳಿಗ್ಗೆಯೇ ಒಂದು ಸಂಕಟ. ದಾರಿಬದಿಯ ಚಹಾ ಅಂಗಡಿಯೆದುರು ಭಾವ ನಿಂತರು. ನಿಂತೇ ಇದ್ದರು. ಒಳಗಿನವನು ಹೊರಗೆ ಬರಲಿಲ್ಲ, ಇವರು ಒಳಗೆ ಹೋಗಲಿಲ್ಲ. ಮರುಭೂಮಿಯ ಗಾಳಿಗೆ ಟೊಪ್ಪಿ ಹಿಡಿದುಕೊಂಡು ಕಾಯುತ್ತಲೇ ಇದ್ದರು. ಏನಾಯಿತೆಂದು ನಾನು ಹತ್ತಿರ ಹೋದರೆ ಮೆಲ್ಲಗೆ, "ಒಂದು ಹಾರ್ನ್ ಹೊಡಿ ಮಾರಾಯ" ಎಂದರು. ಹೊಡೆದೆ. ಚಹಾ ಬಂತು. ನಾಚಿಕೆಯಾಗಿರಬೇಕು, ಮರುದಿನದಿಂದ ತಾವೇ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಕುಡಿಯಲು ಕಲಿತರು.

ಬೆಟ್ಟದ ದಾರಿ ಇಳಿದು ಸೊಹಾರ್ ಮುಟ್ಟುವಾಗ ಅಂಗಾಲಿನ ತುಂಬ ಬೊಕ್ಕೆಗಳು. ಕಾಲುಚೀಲದೊಳಗೆ ತೆಂಗಿನೆಣ್ಣೆ ಸುರಿದುಕೊಂಡು ಪಚಕ್ ಪಚಕ್ ಎಂದು ನಡೆದರು. ಬಾಯಿ ತೆರೆಯುತ್ತಿದ್ದದ್ದು ದಿನಕ್ಕೊಮ್ಮೆ, ಸಂಜೆ ಅಕ್ಕನಿಗೆ ಫೋನ್ ಮಾಡುವಾಗ.

"ಎಲ್ಲಿದ್ದೀ?"

"ಕುರ್ಚಿಯಲ್ಲಿ."

ಅಷ್ಟೇ. ಫೋನ್ ಕಿಸೆಗೆ ಹಾಕಿಕೊಂಡು ಇನ್ನೂ ಸ್ವಲ್ಪ ದೂರ ನಡೆಯುವರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಬೈಗುಳ ಸಿಗುತ್ತಿತ್ತು.

ಸೊಹಾರಿನಿಂದ ಈಚೆಗೆ ಸಮುದ್ರದ ಬದಿಯ ಸಪಾಟು ದಾರಿ. ಬಿಸಿಲು ಹಿತವಾಗಿತ್ತು, ಕಾಲು ಪಳಗಿತ್ತು. ಆದರೆ ಒಮಾನಿನಲ್ಲಿ ನಡೆಯುವವನಿಗೆ ದೊಡ್ಡ ಶತ್ರು ಬಿಸಿಲಲ್ಲ, ಇಲ್ಲಿನವರ ಒಳ್ಳೆಯತನ! ಒಬ್ಬ ಮನುಷ್ಯ ನಡೆದು ಹೋಗುವುದನ್ನು ಇವರಿಗೆ ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಎರಡರಲ್ಲಿ ಒಂದು ಕಾರು ನಿಲ್ಲುತ್ತಿತ್ತು. ಸಹಮ್ ಹತ್ತಿರ ಬಿಳಿ ಗಡ್ಡದ ಅಜ್ಜನೊಬ್ಬ ಹಿಂದೆ ಆಡುಗಳನ್ನು ತುಂಬಿಸಿದ್ದ ಪಿಕಪ್ ನಿಲ್ಲಿಸಿ ಹಿಂದಿಯಲ್ಲಿ ವಿಚಾರಣೆಗೆ ಶುರುವಿಟ್ಟ.

"ಕಿಧರ್ ಜಾತಾ?"

"ಮಸ್ಕತ್."

"ಯಲ್ಲಾ, ಬೈಠೋ!" ಎಂದು ಹತ್ತಲು ಬಾಗಿಲು ತೆರೆದ.

"ನಹೀಂ ಬಾಬಾ, ಪೈದಲ್," ಎಂದು ಭಾವ ತಮ್ಮ ಕಾಲು ತೋರಿಸಿದರು.

ಅಜ್ಜ ಹಿಂದೆ ನಿಂತಿದ್ದ ನನ್ನ ಕಾರು ನೋಡಿದ. "ಗಾಡಿ ಖರಾಬ್?"

"ಗಾಡಿ ಠೀಕ್."

ಈಗ ನನ್ನನ್ನು ನೋಡಿದ. "ಡ್ರೈವರ್ ಖರಾಬ್?"

ಭಾವ ಬುರೈಮಿ ಬಿಟ್ಟ ಮೇಲೆ ನಕ್ಕದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ. ಸಿಟ್ಟಿನಿಂದ ಪೆಟ್ರೋಲ್ ಹಾಕಿಸಲು ಹೋದೆ. ತಿರುಗಿ ಬಂದರೆ ಅಜ್ಜನೂ ಇಲ್ಲ, ಆಡೂ ಇಲ್ಲ, ಭಾವನೂ ಇಲ್ಲ! ಫೋನ್ ಮಾಡಿದರೆ ಭಾವ ಆಡುಗಳ ಗದ್ದಲದ ನಡುವೆ ಪಿಸುಗುಟ್ಟಿದರು. "ಎಂತ ಮಾಡುದು ಮಾರಾಯ, ಕೈ ಹಿಡಿದು ಕೂರಿಸಿಯೇಬಿಟ್ಟ. ಪ್ರಾಯ ಆದವನು, ಬೇಡ ಅಂದ್ರೆ ಬೇಜಾರು ಮಾಡ್ಲಿಕ್ಕಿಲ್ವಾ?"

ಹೋಗಿ ಅವರನ್ನು ಹಿಡಿಯುವಾಗ ಒಂದು ದಿನದ ನಡಿಗೆಯಷ್ಟು ಮುಂದೆ ಇದ್ದರು. ನನಗೆ ಒಳಗೊಳಗೇ ಖುಷಿ. ಒಂದು ದಿನ ಉಳಿಯಿತಲ್ಲ! ಆದರೆ ಭಾವ ಕಾರಿನ ಬಾಗಿಲು ತೆರೆದು ಕೂತು, "ತಿರುಗಿಸು. ಅವನು ಹತ್ತಿಸಿದ ಜಾಗಕ್ಕೇ ಬಿಡು," ಎಂದರು.

"ಯಾರು ನೋಡ್ತಾರೆ ಭಾವ?"

"ನಾಳೆ ಅವಳು ಅರ್ಧ ದಾರಿ ಗೋಡೆ ಹಿಡಿದು, ಅರ್ಧ ದಾರಿ ಎತ್ತಿಕೊಳ್ಳಿ ಅಂದ್ರೆ ನಾನು ಯಾವ ಬಾಯಲ್ಲಿ ಬೇಡ ಅನ್ಲಿ?"

ತಿರುಗಿಸಿದೆ. ನಡೆದು ಮುಂದೆ ಹೋಗಲಿಕ್ಕೆ ಕಾರಿನಲ್ಲಿ ಹಿಂದೆ ಹೋದವರು ನಮ್ಮ ವಂಶದಲ್ಲಿ ಇವರೊಬ್ಬರೇ.

ಮರುದಿನ ಅದೇ ರಸ್ತೆಯಲ್ಲಿ ಅದೇ ಪಿಕಪ್. ನಿನ್ನೆ ಅಷ್ಟು ಮುಂದೆ ಇಳಿಸಿದ್ದ ಮನುಷ್ಯ ಇಂದು ಇಷ್ಟು ಹಿಂದೆ ನಡೆಯುತ್ತಿರುವುದನ್ನು ಕಂಡು ಅಜ್ಜನಿಗೆ ಗಾಬರಿ. ಭಾವ ತಮ್ಮ ಹರಕು ಹಿಂದಿಯಲ್ಲಿ ಹೆಂಡತಿಯ ಕಾಲು, ಕುರ್ಚಿ, ಸವಾಲು ಎಲ್ಲ ಬಿಡಿಸಿ ಹೇಳಿದರು. ಅಜ್ಜ ಗಾಡಿಯಿಂದ ಇಳಿದು, ಊರುಗೋಲು ತೆಗೆದುಕೊಂಡು, ಭಾವನ ಪಕ್ಕದಲ್ಲಿ ತಾನೂ ಹೆಜ್ಜೆ ಹಾಕತೊಡಗಿದ. ದೂರದ ಮಸೀದಿಯವರೆಗೂ ಬಂದ. ಕೊನೆಗೆ ಭಾವನ ಭುಜ ತಟ್ಟಿ, ಹಿಂತಿರುಗಿ ನೋಡಿದರೆ ಪಿಕಪ್ ಕಣ್ಣಿಗೇ ಕಾಣುವುದಿಲ್ಲ! ಸೀದಾ ನನ್ನ ಕಾರಿನ ಬಾಗಿಲು ತೆರೆದು ಕೂತು, "ಯಲ್ಲಾ, ಡ್ರೈವರ್," ಎಂದ. ಖರಾಬ್ ಡ್ರೈವರ್ ಅವನನ್ನು ಆಡುಗಳ ಹತ್ತಿರ ಬಿಟ್ಟು ಬಂದ.

ಮಸ್ಕತ್ತು ಹತ್ತಿರವಾಗುತ್ತಿದ್ದಂತೆ ಬರ್ಕಾದಲ್ಲಿ ಭಾವನ ಪಾದ ಬಾತುಕೊಂಡಿತು. ಕ್ಲಿನಿಕ್ಕಿನ ಡಾಕ್ಟರು ವಿಶ್ರಾಂತಿ ಎಂದರು. ಅಂದು ಸಂಜೆಯೂ ಫೋನಿನಲ್ಲಿ ಅದೇ ಉತ್ತರ, "ಕುರ್ಚಿಯಲ್ಲಿ." ಭಾವ ಪಾದಕ್ಕೆ ಮುಲಾಮು ತಿಕ್ಕತೊಡಗಿದರು. ನನಗೆ ತಡೆಯಲಾಗಲಿಲ್ಲ. "ಸಾಕು ಭಾವ, ಅಕ್ಕ ಏಳುವ ಹಾಗೆ ಕಾಣುದಿಲ್ಲ," ಎಂದೆ.

"ಅವಳು ಏಳದಿದ್ರೆ ನಾನು ಕೂರಬೇಕಂತ ಉಂಟಾ?" ಎಂದು ಅವರು ಶೂ ಎಳೆದುಕೊಂಡರು. ಲೇಸ್ ಕಟ್ಟಲಾಗದಷ್ಟು ಊದಿತ್ತು. ಬಿಚ್ಚಿದ ಲೇಸಿನಲ್ಲೇ ನಡೆದರು.

ದಾರ್ಸೈಟ್ ಮುಟ್ಟಿದ್ದು ಒಂದು ಇಳಿಹೊತ್ತಿನಲ್ಲಿ. ರೌಂಡಬೌಟಿನಲ್ಲಿ ಸಂಘದವರು ಹಾರ ಹಿಡಿದು ನಿಂತಿದ್ದರು. ಭಾವ ನಿಲ್ಲಲೇ ಇಲ್ಲ. ಹಾರವೇ ಅವರ ಹಿಂದೆ ಓಡಿ ಬಂತು! ಕುಂಟುತ್ತ ತಿರುವು ದಾಟಿದವರು ಗಕ್ಕನೆ ನಿಂತರು.

ಗೇಟಿನ ಎದುರು ಕೆಂಪು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಅಕ್ಕ.

ಪಕ್ಕದಲ್ಲಿ ನಿಂತಿದ್ದ ನನ್ನ ಸೊಸೆ, ಅಂದರೆ ಅಕ್ಕನ ಮಗಳು, ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವವಳು, ಅದನ್ನೆಲ್ಲ ಮರೆತು ಅಳುತ್ತಲೇ ಹೇಳಿದಳು. ಕುರ್ಚಿ ದಿನದಿನವೂ ಜಾಗ ಬದಲಿಸಿತ್ತಂತೆ. ಹಾಲ್‌ನಿಂದ ಅಡುಗೆಮನೆಯ ಬಾಗಿಲಿಗೆ, ಅಲ್ಲಿಂದ ಹೊರಗಿನ ಪ್ಯಾಸೇಜಿಗೆ, ಆಮೇಲೆ ಲಿಫ್ಟಿನ ಎದುರಿಗೆ. ಮಗಳು ಕುರ್ಚಿಯನ್ನು ಮುಂದೆ ಇಡುವುದು, ಅಮ್ಮ ಬಿದ್ದು ಎದ್ದು ಅಲ್ಲಿವರೆಗೆ ನಡೆದು ಹೋಗಿ ಕೂರುವುದು. ಸಂಜೆ ಫೋನ್ ಬಂದಾಗ ಅಕ್ಕ ಸುಳ್ಳೇನೂ ಹೇಳಿರಲಿಲ್ಲ. ಕುರ್ಚಿಯಲ್ಲೇ ಇದ್ದಳು.

ಭಾವ ಹೆಜ್ಜೆ ಮುಂದಿಟ್ಟರು. ಅಕ್ಕ ಕೈ ಅಡ್ಡ ಹಿಡಿದಳು. "ಅಲ್ಲೇ ನಿಲ್ಲಿ."

ಇಷ್ಟು ದಿನ ಯಾರು ಹೇಳಿದರೂ ನಿಲ್ಲದಿದ್ದ ಮನುಷ್ಯ ನಿಂತರು. ಅಕ್ಕ ಕುರ್ಚಿಯ ಕೈ ಒತ್ತಿ ಎದ್ದಳು. ಮಗಳ ಕೈಯನ್ನೂ ಸರಿಸಿದಳು. ಎಡಗಾಲನ್ನು ಎಳೆದು ಒಂದು ಹೆಜ್ಜೆ. ನಿಂತಳು, ವಾಲಿದಳು. ಇನ್ನೊಂದು ಹೆಜ್ಜೆ. ಭಾವ ಎರಡೂ ಕೈ ಮುಂದೆ ಚಾಚಿ ನಿಂತಿದ್ದರು, ಕರೆಯಲು ಅವರ ಬಳಿ ಹಾರ್ನ್ ಇರಲಿಲ್ಲ. ಹಿಂದೆ ಕಾರಿನಲ್ಲಿದ್ದ ನನಗೆ ಕಣ್ಣು ತುಂಬಿ ದಾರಿಯೇ ಕಾಣುತ್ತಿರಲಿಲ್ಲ. ಅವರ ಪರವಾಗಿ ಯಾರಾದರೂ ಕರೆಯಬೇಕಲ್ಲ? ಎರಡು ಸಲ ಒತ್ತಿಬಿಟ್ಟೆ, ಪೀಂ ಪೀಂ.

ಅಕ್ಕ ತಲೆ ಎತ್ತಲಿಲ್ಲ. ತನ್ನ ಕಾಲನ್ನೇ ನೋಡಿಕೊಂಡು ಮತ್ತೊಂದು ಹೆಜ್ಜೆ ಇಡುತ್ತ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದಳು:

"ಬಂದೆ, ಹಾರ್ನ್ ಹೊಡೀಬೇಡಿ!"