ನಮ್ಮ ಮಾವನ ಯಿಡ್ಡಿಷ್ ಟೈಪಿಂಗ್ ಕ್ಲಾಸು

ಯಿಡ್ಡಿಷ್ ಭಾಷೆಯ ಒಂದಕ್ಷರವೂ ಗೊತ್ತಿಲ್ಲದೆ ಆ ಭಾಷೆಯಲ್ಲಿ ಟೈಪಿಂಗ್ ಕಲಿಸಿದ ಮೇಷ್ಟ್ರು ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಸೋದರಮಾವ. ತಮಗೆ ಗೊತ್ತಿಲ್ಲದ್ದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ ಎನ್ನುತ್ತೀರಾ? ಇರಬಹುದು. ಅವರ ಶಿಷ್ಯರು ಪಾಸಾಗುತ್ತಾರೆಯೇ?

ಮಾವ ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಕೀಲಿಗಳನ್ನು ನೋಡಿಕೊಂಡು ಹೊಡೆಯುವವರನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಶಿಷ್ಯರ ಕೈಗಳ ಮೇಲೆ ಟವೆಲು ಹೊದಿಸಿ ಕಲಿಸುತ್ತಿದ್ದರು. ಎರಡು ತಿಂಗಳು ಇದ್ದು ಹೋಗಲೆಂದು ಆಮ್‌ಸ್ಟರ್‌ಡ್ಯಾಮಿಗೆ, ಬೈಟನ್‌ವೆಲ್ಡರ್ಟ್ ಬಡಾವಣೆಯ ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಕೊರೋನ ಬಂತು, ವಿಮಾನಗಳು ನಿಂತವು, ಮಾವ ಉಳಿದರು. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ನನ್ನ ಹಿಂದೆ ನಿಂತು ನಿಟ್ಟುಸಿರು ಬಿಡುವುದೇ ಅವರ ದಿನಚರಿಯಾಯಿತು.

"ನಾಲ್ಕೇ ಬೆರಳಲ್ಲಿ ಹೊಡೀತೀಯಲ್ಲೇ. ಇದಕ್ಕಾ ಆಫೀಸ್ನೋರು ನಿನ್ನನ್ನ ಇಷ್ಟು ದೂರ ಕರೆಸ್ಕೊಂಡಿದ್ದು?"

ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ತೆರಡು ವರ್ಷದ ಯಹೂದಿ ಅಜ್ಜಿ ಒಬ್ಬರೇ ಇದ್ದರು. ಅವರ ತಂಗಿ ಗಡಿಯಾಚೆ, ಆಂಟ್ವರ್ಪ್‌ನ ಒಂದು ವೃದ್ಧಾಶ್ರಮದಲ್ಲಿ. ತಂಗಿಗೆ ಕಿವಿ ಕೇಳುವುದಿಲ್ಲ, ಕಣ್ಣು ಮಂಜು. ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ ಮಾತ್ರ ಓದಬಲ್ಲರು. ತಿಂಗಳಿಗೆರಡು ಸಲ ರೈಲು ಹತ್ತಿ ಬರುತ್ತಿದ್ದ ಅಕ್ಕ ಲಾಕ್‌ಡೌನಿನಲ್ಲಿ ಬರುವುದು ನಿಂತಾಗ ತಂಗಿ ತೀರ್ಮಾನಿಸಿಬಿಟ್ಟರು: ಅಕ್ಕ ಸತ್ತಿದ್ದಾಳೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ. ವಿಡಿಯೋ ತೋರಿಸಿದರೆ ಹಳೆಯದು ಎಂದರಂತೆ. ಡಚ್ಚಿನಲ್ಲಿ ಬರೆದು ಕಳಿಸಿದರೆ ನರ್ಸು ಬರೆದದ್ದು ಎಂದರಂತೆ. ಉಳಿದದ್ದು ಯಿಡ್ಡಿಷ್ ಒಂದೇ. ಅದು ಅವರ ತಾಯಿ ಮನೆಯಲ್ಲಿ ಆಡುತ್ತಿದ್ದ, ಯಹೂದಿಗಳ ಹಳೆಯ ಭಾಷೆ. ಆಶ್ರಮದಲ್ಲಿ ಬೇರೆ ಯಾರಿಗೂ ಬಾರದು. ಅದರಲ್ಲಿ ಪತ್ರ ಬಂದರೆ ನಂಬಲೇಬೇಕು. ಆದರೆ ಆ ಲಿಪಿಯನ್ನು ಕಂಪ್ಯೂಟರಿನಲ್ಲಿ ಮೂಡಿಸುವುದು ಹೇಗೆ ಎಂದು ಅಜ್ಜಿ ಒಂದು ಬೆಳಿಗ್ಗೆ ತಮ್ಮ ತೋಟದಲ್ಲಿ ನಿಂತು, ಬಾಲ್ಕನಿಯಲ್ಲಿದ್ದ ನಮ್ಮನ್ನು ಕೇಳಿದರು.

"ಎರಡು ನಿಮಿಷದ ಕೆಲಸ," ಎಂದೆ ನಾನು.

ಮಾವ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. "ನಿನಗೆ ಕಂಪ್ಯೂಟರ್ ಗೊತ್ತು. ಟೈಪಿಂಗ್ ಗೊತ್ತಾ?"

ಪ್ರಯೋಗ ಶುರುವಾಗಿದ್ದು ನನ್ನ ಲ್ಯಾಪ್‌ಟಾಪಿನ ಮೇಲೆ. ಕೀಬೋರ್ಡಿಗೆ ಒಂದು ಭಾಷೆ ಸೇರಿಸಿ ಸುಮ್ಮನಾಗುವ ಬದಲು ಇವರು ಇಡೀ ಯಂತ್ರವನ್ನೇ ಹೀಬ್ರೂಗೆ ಮತಾಂತರಿಸಿಬಿಟ್ಟರು. ಯಿಡ್ಡಿಷ್, ಹೀಬ್ರೂ ಎರಡಕ್ಕೂ ಲಿಪಿ ಒಂದೇ, ಬಲದಿಂದ ಎಡಕ್ಕೆ ಓಡುವ ಲಿಪಿ. ಮೀಟಿಂಗಿಗೆಂದು ತೆರೆದರೆ ಎಡಗಡೆಯ ಗುಂಡಿಗಳೆಲ್ಲ ಬಲಗಡೆಗೆ ವಲಸೆ ಹೋಗಿವೆ, ಒಂದನ್ನೂ ಓದಲಾಗುವುದಿಲ್ಲ. ಮೈಕ್ ಆರಿಸಲು ಹೋಗಿ ಕ್ಯಾಮೆರಾ ಹಚ್ಚಿದೆ. ನೈಟಿಯಲ್ಲಿದ್ದೆ ಎಂದು ಪ್ರತ್ಯೇಕವಾಗಿ ಹೇಳಬೇಕೆ? "ಹಾಗಾದ್ರೆ ಕೆಲಸ ಆಯ್ತು ಅಂತಾಯ್ತು," ಎಂದು ಮಾವ ಸಂತೋಷಪಟ್ಟರು.

ಕೊನೆಗೆ ಅಜ್ಜಿಯ ಲ್ಯಾಪ್‌ಟಾಪಿನ ಕೀಬೋರ್ಡಿಗೆ ಆ ಲಿಪಿ ಸೇರಿಸಿದ್ದು ನಾನೇ. ಎರಡು ನಿಮಿಷ ಹಿಡಿಯಿತು. ಕೀಲಿಗಳ ಮೇಲೆ ಅಂಟಿಸಲು ಅಕ್ಷರದ ಸ್ಟಿಕರ್ ತರಿಸೋಣವೇ ಎಂದೆ. ಸ್ಟಿಕರ್! ಮಾವ ಆ ದಿನ ನಾನು ಮಾಡಿದ ಕಾಫಿಯನ್ನೂ ಮುಟ್ಟಲಿಲ್ಲ.

ಒಂದೂವರೆ ಮೀಟರ್ ದೂರದ ನಿಯಮವಿತ್ತಲ್ಲ, ಕ್ಲಾಸು ಬಾಲ್ಕನಿಯಿಂದಲೇ ನಡೆಯಿತು. ಕೆಳಗೆ ತೋಟದ ಮೇಜಿನ ಮುಂದೆ ಅಜ್ಜಿ, ಕೈಗಳ ಮೇಲೆ ನಮ್ಮನೆಯ ಟವೆಲು. ಮೇಲೆ ಮಾವ, ಸೌಟು ಹಿಡಿದು ಕಂಬಿಗೆ ತಾಳ ಹಾಕುತ್ತ, ತಮ್ಮ ಆಫೀಸು ಪತ್ರದ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು: "ಲೆಫ್ಟ್ ರಿಂಗ್, ಅಪ್! ರೈಟ್ ಇಂಡೆಕ್ಸ್, ಹೋಮ್!" ಹೋಮ್ ಎಂದರೆ ಬೆರಳುಗಳು ಸದಾ ಕೂರುವ ನಡುಸಾಲು, ಅಪ್ ಎಂದರೆ ಅದರ ಮೇಲಿನದು, ಡೌನ್ ಎಂದರೆ ಕೆಳಗಿನದು. ಯಾವ ಬೆರಳಿಗೆ ಯಾವ ಅಕ್ಷರ ಬೀಳುತ್ತದೆಂದು ಗೊತ್ತಿದ್ದದ್ದು ಅಜ್ಜಿಗೆ ಮಾತ್ರ. "ಅಕ್ಷರ ಯಾವುದಾದ್ರೇನು, ಬೆರಳು ಹತ್ತೇ ತಾನೇ?" ಎನ್ನುತ್ತಿದ್ದರು ಮಾವ. ಆಸ್ಪತ್ರೆಯವರಿಗಾಗಿ ಬೀದಿಯವರೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದ ಸಂಜೆ ಇವರು ನಾಲ್ಕೂ ದಿಕ್ಕಿಗೆ ಕೈಮುಗಿದರು. ನಾನು ನಿಜ ಹೇಳಲು ಹೋಗಲಿಲ್ಲ.

ನಾಲ್ಕನೆಯ ದಿನ ತಪ್ಪು ಅಳಿಸುವ ಬ್ಯಾಕ್‌ಸ್ಪೇಸ್ ಕೀಲಿಯನ್ನು ಬೆಣ್ಣೆ ಚಾಕುವಿನಿಂದ ಎಬ್ಬಿಸಿ ತೆಗೆಯಲು ಅಜ್ಜಿಗೆ ಆಜ್ಞೆಯಾಯಿತು. ಅಜ್ಜಿ ಎರಡನೇ ಮಾತಿಲ್ಲದೆ ತೆಗೆದುಕೊಟ್ಟರು! ತಪ್ಪಿದರೆ ಪುಟವನ್ನೇ ಮೊದಲಿನಿಂದ ಹೊಡೆಯಬೇಕು. ಒಂದು ಪುಟ ತಪ್ಪಿಲ್ಲದೆ ಬರುವವರೆಗೆ ಪತ್ರದ ಮಾತೆತ್ತುವಂತಿಲ್ಲ.

"ಮಾವ, ಅಲ್ಲಿ ತಂಗಿ ಕಾಯ್ತಿದ್ದಾರೆ," ಎಂದೆ.

"ತಪ್ಪಿರೋ ಕಾಗದ ಹೋದ್ರೆ ಯಾರೋ ನಕಲಿ ಮಾಡಿದ್ದಾರೆ ಅಂತಾಳೆ. ಒಂದೇ ಸಲ ಹೋಗ್ಬೇಕು, ಸರಿಯಾಗಿ ಹೋಗ್ಬೇಕು."

ಅಜ್ಜಿಯೋ, ಹೈಸ್ಕೂಲು ಹುಡುಗಿಯಂತೆ ಖುಷಿಯಾಗಿದ್ದರು. "ಮೆನೇರ್ ಬಹಳ ಸ್ಟ್ರಿಕ್ಟ್," ಎಂದು ನನ್ನೊಡನೆ ಹೆಮ್ಮೆಯಿಂದ ದೂರುತ್ತಿದ್ದರು. ಮೆನೇರ್ ಎಂದರೆ ಇಲ್ಲಿ ನಮ್ಮ 'ಸಾರ್' ಇದ್ದಂತೆ.

ಹದಿನೆಂಟನೆಯ ದಿನ ಅಜ್ಜಿ ಪಾಸಾದರು. ಮಾವ ಬುಟ್ಟಿಗೆ ಹಗ್ಗ ಕಟ್ಟಿ ಮೈಸೂರುಪಾಕು ಇಳಿಬಿಟ್ಟರು. ಪತ್ರ ನಾಳೆ ಎಂದಾಯಿತು. ಆ ನಾಳೆಯ ಬೆಳಿಗ್ಗೆ ಅಜ್ಜಿ ಅಡುಗೆಮನೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಆಸ್ಪತ್ರೆಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಆಶ್ರಮದಿಂದ ಇ-ಮೇಲ್ ಬಂದಿತ್ತು: ತಂಗಿ ಎರಡು ದಿನದಿಂದ ತಟ್ಟೆ ಮುಟ್ಟುತ್ತಿಲ್ಲ.

ಮಾವನ ಮುಖ ನೋಡಲಾಗಲಿಲ್ಲ. "ಹದಿನೆಂಟು ದಿನ ಟವೆಲು ಹೊದಿಸಿ ಕೂರಿಸಿದ್ನಲ್ಲೇ. ಮೊದಲ್ನೇ ದಿನವೇ ನಾಲ್ಕು ಸಾಲು ಬರೆಸಬಹುದಿತ್ತು," ಎಂದರು. ಅವರು ಹಾಗೆ ತಪ್ಪೊಪ್ಪಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಂತರ ಅಜ್ಜಿಯ ಲ್ಯಾಪ್‌ಟಾಪನ್ನು ಬುಟ್ಟಿಯಲ್ಲಿ ಮೇಲಕ್ಕೆಳೆದುಕೊಂಡು ಬಾಲ್ಕನಿಯಲ್ಲಿ ಕೂತರು. "ಮೇಡಂ, ನೀವು ಬೆರಳು ಹೇಳಿ. ನಾನು ಹೊಡೀತೀನಿ."

ಅಜ್ಜಿ ಕೆಳಗಿನಿಂದ ಶುರು ಮಾಡಿದರು. "ರೈಟ್ ಮಿಡಲ್, ಹೋಮ್. ಲೆಫ್ಟ್ ಇಂಡೆಕ್ಸ್, ಅಪ್." ಪತ್ರವಿಡೀ ಹೀಗೇ, ಬೆರಳು ಬೆರಳಾಗಿ. ನಡುವೆ ಅಜ್ಜಿ ನಕ್ಕರು, ನಡುವೆ ಕಣ್ಣೊರೆಸಿಕೊಂಡರು. ಯಾಕೆಂದು ಗೊತ್ತಾಗದೆ ಮಾವ ಹೊಡೆಯುತ್ತಲೇ ಹೋದರು, ಕೀಲಿಗಳನ್ನು ಒಮ್ಮೆಯೂ ನೋಡದೆ. ಪೂರ್ಣವಿರಾಮದ ಚುಕ್ಕಿ ಮಾತ್ರ ಸಾಲಿನ ಕೊನೆಯಲ್ಲಿ ಕೂರದೆ ಮೊದಲಿಗೆ ಓಡಿಹೋಗುತ್ತಿತ್ತು. ಸಾಲಿನ ದಿಕ್ಕು ಬದಲಿಸುವ ಕೀಲಿ ಒತ್ತಿ ನಾನು ಅದನ್ನು ಹಿಡಿದುತಂದು ಕೂರಿಸಿದೆ. ಆ ಪತ್ರಕ್ಕೆ ನನ್ನ ಕೊಡುಗೆ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಪತ್ರ ಇ-ಮೇಲಿನಲ್ಲಿ ಹೋಯಿತು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ತಂಗಿಗೆ ಕೊಡುವುದು ಆಶ್ರಮದವರ ಕೆಲಸ. ಮಾವ ಊಟ ಬೇಡವೆಂದು ಅಲ್ಲೇ ಕೂತರು. ನನಗೂ ಸೇರಲಿಲ್ಲ.

ಮಾರನೆಯ ದಿನ ಆಶ್ರಮದವರು ಒಂದು ಫೋಟೋ ಕಳಿಸಿದರು. ಬಿಳಿ ಹಾಳೆ, ಅದರ ಮೇಲೆ ದಪ್ಪ ಪೆನ್ನಿನಲ್ಲಿ ನಡುಗುವ ಯಿಡ್ಡಿಷ್ ಅಕ್ಷರಗಳು. ಅಜ್ಜಿ ತೋಟದಲ್ಲಿ ನಿಂತು ನಮಗೆ ಅರ್ಥ ಮಾಡಿ ಹೇಳಿದರು.

"ನನ್ನ ನೀಲಿ ಸ್ವೆಟರನ್ನ ಇಸ್ತ್ರಿಯಲ್ಲಿ ಸುಟ್ಟವಳು ನೀನೇ ಅಂತ ಬರೆದಿದ್ದೆ. ಅದು ಅಮ್ಮನಿಗೂ ಗೊತ್ತಿರಲಿಲ್ಲ, ನಮ್ಮಿಬ್ಬರಿಗೇ ಗೊತ್ತು. ಅದಕ್ಕೆ ಬರೆದಿದ್ದಾಳೆ: 'ಹೌದು, ಬರೆದವಳು ನೀನೇ. ಇನ್ನು ಊಟ ಮಾಡ್ತೀನಿ.'"

ನನಗೆ ಅಳು ತಡೆಯಲಾಗಲಿಲ್ಲ. ಮಾವ ಎದ್ದು ಕಂಬಿಯ ಮೇಲೆ ಹತ್ತೂ ಬೆರಳು ಊರಿ, ಕಣ್ಣು ಮುಚ್ಚಿಕೊಂಡರು.

"ಮೇಡಂ, ಊಟ ಮಾಡೋದು ಅಂದ್ರೆ ಯಾವ ಯಾವ ಬೆರಳು?"

"ಲೆಫ್ಟ್ ಇಂಡೆಕ್ಸ್, ಹೋಮ್," ಎಂದರು ಅಜ್ಜಿ. "ಲೆಫ್ಟ್ ರಿಂಗ್, ಡೌನ್. ರೈಟ್ ಮಿಡಲ್, ಅಪ್."

ಮಾವ ಆ ಮೂರು ಬೆರಳನ್ನು ಕಂಬಿಯ ಮೇಲೆ ಒಂದೊಂದಾಗಿ ಒತ್ತಿದರು, ಮತ್ತೆ ಒತ್ತಿದರು. ಅವರು ಕಲಿತ ಮೊದಲ ಯಿಡ್ಡಿಷ್ ಮಾತು ಅದು.