ಬಸ್ಸಿನಲ್ಲಿ ಕಿರಿಯಳಾದ ಅಕ್ಕ

ಮೊಣಕಾಲು ನೋಯುವವರಿಗೆ ಭಕ್ತಿ ಕಡಿಮೆ ಎಂದು ಯಾರೂ ತಿಳಿಯಬಾರದು. ನಾನು ಕುರ್ಚಿಯಲ್ಲಿ ಕುಳಿತೇ ಪೂಜೆ ಮಾಡುತ್ತೇನೆ. ಶಿವ ಇದುವರೆಗೆ ತಕರಾರು ಎತ್ತಿಲ್ಲ. ತಕರಾರು ಎತ್ತುವವಳು ನಮ್ಮಕ್ಕ ಗೌರಿ. ನಾವಿಬ್ಬರೂ ಅವಳಿ ಮಕ್ಕಳು. ನನಗಿಂತ ಕೊಂಚ ಮೊದಲು ಹೊರಗೆ ಬಂದಳು, ಅಷ್ಟೇ ಅವಳ ಸಾಧನೆ. ಅದಕ್ಕಾಗಿ ಪ್ರತಿ ದಸರೆಗೂ ನಾನು ಬನ್ನಿ ಎಲೆ ಕೊಟ್ಟು, ನೆಂಟರೆಲ್ಲರ ಎದುರು ಅವಳ ಕಾಲು ಮುಟ್ಟಬೇಕು. ಬಗ್ಗುವಾಗ ನನಗೆ ಕೈಲಾಸವೇ ಕಾಣುತ್ತದೆ. ಅವಳು ಹಡಗಲಿ–ಕೊಟ್ಟೂರು ಬಸ್ಸಿನ ಕಂಡಕ್ಟರು. ಪ್ಯಾಸೆಂಜರಿಗೆ ಹೇಳಿದ ಹಾಗೆ "ಏಳವ್ವ, ಜಾಗ ಬಿಡು" ಎನ್ನುತ್ತಾಳೆ.

ಈ ಸಲ ಹಬ್ಬದ ಬೆಳಿಗ್ಗೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಮಗಳು ಪಾಠದ ತಯಾರಿಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಓಡುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನವಂತೆ. ಅವಳಿಗಳಲ್ಲಿ ವೇಗವಾಗಿ ಹೋಗಿ ಬಂದವರಿಗೆ ಮನೆಯಲ್ಲೇ ಉಳಿದವರಿಗಿಂತ ವಯಸ್ಸು ಕಡಿಮೆಯಂತೆ. ಹೂರಣದ ಬೇಳೆ ಬಸಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

"ಹಂಗಾರ ನಿಮ್ಮ ದೊಡ್ಡವ್ವ ಇಷ್ಟು ವರ್ಷ ಬಸ್ಸಿನ್ಯಾಗ ಓಡ್ಯಾಡ್ಯಾಳ. ನಾನು ಒಲಿ ಮುಂದ ಕುಂತೀನಿ. ಈಗ ದೊಡ್ಡಾಕಿ ಯಾರು?"

"ಯವ್ವಾ, ಬಸ್ಸು ಬೆಳಕಿನ ವೇಗದ ಹತ್ರಹತ್ರ ಓಡಬೇಕು. ಇಲ್ಲಾಂದ್ರ ಫರಕು ಕಾಣಂಗಿಲ್ಲ."

"ಕಾಣೋದು ಬಿಡು. ಐತೋ ಇಲ್ಲೋ?"

"ಐತಿ, ಆದ್ರ..."

"ಶಿವನೂ ಕಾಣಂಗಿಲ್ಲ. ಅದಾನೋ ಇಲ್ಲೋ?"

ನಿಮ್ಮಿಬ್ಬರ ಅಂತರ ತುಂಬಲು ದೊಡ್ಡವ್ವ ಯುಗಗಟ್ಟಲೆ ಡ್ಯೂಟಿ ಮಾಡಬೇಕು ಎಂದೇನೋ ಮಗಳು ಹೇಳತೊಡಗಿದಳು. ನಾನು ಮಿಕ್ಸರ್ ಹಾಕಿದೆ.

ಸಂಜೆ ನೆಂಟರ ನಡುವೆ ಕಂಬದಂತೆ ನಿಂತು ಘೋಷಿಸಿದೆ: "ಗೌರಿ, ಈ ಸಲ ನೀನು ಬಗ್ಗು." ಕಾರಣವನ್ನೂ ಹೇಳಿದೆ. ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಅವಳ ಮುಖ ಅರಳಿತು.

"ಅಂದ್ರ ನಾನು ನಿನಗಿಂತ ಸಣ್ಣಾಕಿ? ವಿಜ್ಞಾನ ಹೇಳೈತಿ?"

"ಹೇಳೈತಿ."

ತಟ್ಟನೆ ಬಗ್ಗಿ, ನನ್ನ ಕಾಲು ಮುಟ್ಟಿ, ಹುಡುಗಿಯಂತೆ ಎದ್ದು ಮುಡಿಯ ಮಲ್ಲಿಗೆ ಸರಿಮಾಡಿಕೊಂಡಳು. "ಕೇಳಿದ್ರ್ಯಾ ಎಲ್ಲಾರೂ? ನಾನು ತಂಗಿ!"

ನಮ್ಮ ಸೋದರತ್ತೆ ಕನ್ನಡಕ ಏರಿಸಿ ಇಬ್ಬರನ್ನೂ ನೋಡಿದರು. "ನನಗ ಮೊದ್ಲಿಂದ್ಲೂ ಅನುಮಾನ ಇತ್ತವ್ವ. ನಾಕು ವರ್ಷದ್ದಾದ್ರೂ ಫರಕು ಐತಿ."

"ನಾಕಲ್ಲ ಬಿಡ್ರಿ, ಹತ್ತು," ಎಂದಳು ಪಕ್ಕದ ಮನೆಯವಳು.

ಹತ್ತು! ಓಡಿಹೋಗಿ ಇನ್ನೊಂದು ಹಿಡಿ ಬನ್ನಿ ತಂದೆ. "ಅಕ್ಕಾ, ರೋಡು ಭಾಳ ಕೆಟ್ಟೈತಿ, ನಿನ್ನ ಬಸ್ಸು ಅಷ್ಟು ಜೋರು ಎಲ್ಲಿ ಓಡೈತಿ?" ಎನ್ನುತ್ತಾ ಬಗ್ಗಿದೆ. ಗೌರಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡಕ್ಕಾ, ದೊಡ್ಡಾರು ಸಣ್ಣಾರಿಗೆ ಬಗ್ಗಬಾರದು."

ಶಿವನ ದಯೆ, ಮೊಣಕಾಲು ಉಳಿಯಿತು. ಮುಖದ ವಿಷಯ ಅವನಿಗೇ ಬಿಟ್ಟಿದ್ದೇನೆ.